ಐದು ಹೊಲಿಗೆಯ ಬಾಯಿ

"ಇದೂ ನೇರ," ಎಂದು ತಪಾಸಣೆಯವನು ಹನ್ನೊಂದನೆಯ ಮೊಲವನ್ನೂ ಪಕ್ಕದ ಬುಟ್ಟಿಗೆ ಎಸೆದ.

ದೊಡ್ಡಕ್ಕ ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಬೂದು ಬಣ್ಣದ ಬಟ್ಟೆಯ ಮೊಲಗಳು ಕಿವಿ ಕೆಳಗಾಗಿ ಕಾಲು ಮೇಲಾಗಿ ಬಿದ್ದಿದ್ದವು. ಒಂದರ ಹೊಲಿಗೆಯೂ ಬಿಟ್ಟಿರಲಿಲ್ಲ, ಒಂದರ ಕಣ್ಣೂ ಸಡಿಲವಾಗಿರಲಿಲ್ಲ, ಹತ್ತಿ ಎಲ್ಲೂ ಗಂಟು ಕಟ್ಟಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಆಟಿಕೆ ಹೊಲಿಸುತ್ತ ಬಂದವಳು ಆಕೆ. ಲೈನಿನ ಸೂಪರ್‌ವೈಸರು. ಇಡೀ ಕಾರ್ಖಾನೆ ಆಕೆಯನ್ನು ದೊಡ್ಡಕ್ಕ ಎಂದೇ ಕರೆಯುತ್ತಿತ್ತು, ಆಕೆಗಿಂತ ವಯಸ್ಸಾದವರೂ ಸೇರಿ. ಕೆಲಸ ಸರಿಯಾಗಿದೆ ಎಂಬ ಕಾರಣಕ್ಕೆ ಬೈಸಿಕೊಳ್ಳುತ್ತಿರುವುದು ಮಾತ್ರ ಇದೇ ಮೊದಲು.

"ನೇರವಾಗಿದ್ರೆ ಒಳ್ಳೇದಲ್ವೇನಪ್ಪಾ?"

"ಒಳ್ಳೇದೇ. ಆದ್ರೆ ಸ್ಯಾಂಪಲ್ ಥರ ಇಲ್ವಲ್ಲಮ್ಮ."

ಅವನು ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು ಹನ್ನೆರಡನೆಯ ಮೊಲದ ಮೂತಿಗೆ ಹಿಡಿದ. ಆ ಸ್ಕೇಲಿನ ದೆಸೆಯಿಂದ ಹೆಂಗಸರು ಅವನಿಗೆ ಸ್ಕೇಲು ಎಂದೇ ಹೆಸರಿಟ್ಟಿದ್ದರು. ಸಮುದ್ರದಾಚೆಯ ಖರೀದಿದಾರರು ಕಳಿಸಿದ ಮನುಷ್ಯ. ಕೆಟ್ಟವನೇನಲ್ಲ. ಆದರೆ ಅವನ ಪಾಲಿಗೆ ಲೋಕದಲ್ಲಿ ಇದ್ದದ್ದು ಎರಡೇ ಜಾತಿಯ ವಸ್ತು, ಸ್ಯಾಂಪಲ್ಲಿನಂತೆ ಇರುವುದು ಮತ್ತು ಇಲ್ಲದಿರುವುದು.

ಸ್ಯಾಂಪಲ್ ಮೊಲ ಮೇಜಿನ ನಡುವೆ ಗತ್ತಿನಿಂದ ಕೂತಿತ್ತು. ಕಿವಿಗೆ ತಂತಿ, ತಂತಿಗೆ ಸೀಸದ ಮೊಹರು, ಮೊಹರಿನ ಜೊತೆ ಖರೀದಿದಾರರ ಸಹಿಯ ಚೀಟಿ. ಆಟಿಕೆ ಕಾರ್ಖಾನೆಯಲ್ಲಿ ಮೊಹರು ಬಿದ್ದ ಸ್ಯಾಂಪಲ್ ಹೇಳಿದ್ದೇ ವೇದವಾಕ್ಯ. ಅದರ ಬಾಲ ಅರ್ಧ ಬೆರಳು ಗಿಡ್ಡವಾಗಿದ್ದರೆ ಹದಿನೆಂಟು ಸಾವಿರ ಮೊಲಗಳ ಬಾಲವೂ ಅರ್ಧ ಬೆರಳು ಗಿಡ್ಡವಾಗಲೇಬೇಕು. ಈ ಮೊಲದ ಬಾಲ ಸರಿಯಾಗಿತ್ತು. ಸರಿಯಿಲ್ಲದ್ದು ಬಾಯಿ. ಕಂದು ದಾರದಲ್ಲಿ ಕೈಯಿಂದ ಹಾಕಿದ ಐದೇ ಐದು ಹೊಲಿಗೆ. ಅದರ ಎಡತುದಿ ಒಂದು ಚೂರು ಕೆಳಗಿಳಿದು, ಪಕ್ಕದ ಕೆನ್ನೆ ಒಂದು ಚೂರು ಸುಕ್ಕಾಗಿ, ಏನೋ ಹೇಳಲು ಹೋಗಿ ನುಂಗಿಕೊಂಡವರ ಮುಖ ಬಂದಿತ್ತು. ಖರೀದಿದಾರರು ಆ ಮುಖಕ್ಕೆ ಮರುಳಾಗಿದ್ದರು. ಇದೇ ಬೇಕು, ಇದಕ್ಕಿಂತ ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ಬರೆದು, ಆ ಮುಖದ ಫೋಟೋವನ್ನು ಡಬ್ಬಿಗಳ ಮೇಲೂ ಅಚ್ಚು ಹಾಕಿಸಿಬಿಟ್ಟಿದ್ದರು.

"ನಾಡಿದ್ದು ಬೆಳಿಗ್ಗೆ ಬರ್ತೀನಿ," ಎಂದ ಸ್ಕೇಲು, ಹನ್ನೆರಡನೆಯದನ್ನೂ ಬುಟ್ಟಿಗೆ ಹಾಕುತ್ತ. "ಇಪ್ಪತ್ತು ಮೊಲ ಸಾಲಾಗಿ ಇಡಿ. ಇಪ್ಪತ್ತೂ ಇದರ ಥರಾನೇ ಇದ್ರೆ ಆರ್ಡರ್ ನಿಮ್ಮದು. ಇಲ್ದಿದ್ರೆ ಬೇರೆ ಕಾರ್ಖಾನೆಗೆ ಹೋಗುತ್ತೆ. ನಂಗೂ ಬೇಜಾರೇ ಅಮ್ಮ. ನನ್ನ ಕೈಯಲ್ಲೇನಿದೆ?"

ಆರ್ಡರ್ ಹೋದರೆ ಲೈನು ಮುಚ್ಚುತ್ತದೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ಲೈನು ಎಂದರೆ ಮೂವತ್ತೆರಡು ಜನ ಹೆಂಗಸರು. ಈ ಮೂವತ್ತೆರಡು ಜನ ಒಂದು ವಾರದಿಂದ ಸೊಟ್ಟ ಹೊಲಿಯಲು ಒದ್ದಾಡುತ್ತಿದ್ದರು. ಚಾಕ್‌ಪೀಸಿನಲ್ಲಿ ಸೊಟ್ಟ ಗೆರೆ ಎಳೆದು ಅದರ ಮೇಲೆ ಹೊಲಿದರೆ ಮೊಲಕ್ಕೆ ಹಲ್ಲುನೋವು ಬಂದಂತೆ ಕಂಡಿತು. ದಾರ ಬಿಗಿಯಾಗಿ ಎಳೆದರೆ ಕಹಿ ಔಷಧ ಕುಡಿದಂತಾಯಿತು. ಸಡಿಲ ಬಿಟ್ಟರೆ ತೂಕಡಿಸಿತು. ಇದ್ದಬದ್ದ ಮುಖವೆಲ್ಲ ಬಂತು, ಬೇಕಾದ ಆ ಒಂದು ಮುಖ ಬರಲಿಲ್ಲ.

"ನಾಯಿ ಬಾಲ ನೆಟ್ಟಗಾಗಲ್ಲ ಅಂತಾರೆ. ನಮ್ಮ ಹಣೇಬರಹ ನೋಡಿ ದೊಡ್ಡಕ್ಕ, ಮೊಲದ ಬಾಯಿ ಸೊಟ್ಟ ಆಗ್ತಿಲ್ಲ," ಎಂದಳು ಮೊದಲ ಮೇಜಿನ ಉದ್ದನೆಯವಳು. ಅವಳ ಬಾಯಿಗೆ ಬೀಗ ಹಾಕಿದವರು ಇನ್ನೂ ಹುಟ್ಟಿರಲಿಲ್ಲ.

"ನಗು, ನಗು. ನಾಡಿದ್ದಿನಿಂದ ಮನೇಲಿ ಕೂತು ನಗಬಹುದು," ಎಂದು ದೊಡ್ಡಕ್ಕ ಸಿಡುಕಿದಳು.

ಮ್ಯಾನೇಜರು ತಮ್ಮ ಗಾಜಿನ ಕೋಣೆಯಿಂದ ಹೊರಬಂದು ಬುಟ್ಟಿಯನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು. ಮೂರು ದಿನದಿಂದ ಅವರು ಗಡ್ಡ ಬೋಳಿಸಿರಲಿಲ್ಲ.

"ಇದನ್ನ ಹೊಲಿದೋರು ಒಬ್ರು ಇದ್ದಾರಲ್ಲ. ನಿಮ್ಮ ಮನೇಲೇ ಇದ್ದಾರೆ. ಕರ್ಕೊಂಡು ಬನ್ನಿ."

"ನೀವೇ ಫೋನ್ ಮಾಡಿ ಸಾರ್."

"ನಾಲ್ಕು ಸಲ ಮಾಡ್ದೆ. ನಾಲ್ಕು ಸಲಾನೂ ಕಟ್ ಮಾಡಿದ್ರು. ನಿಮ್ಮಿಬ್ಬರ ಜಗಳಕ್ಕೆ ನಾನು ಕಾರ್ಖಾನೆ ಮುಚ್ಚಲಾ?"

ಸ್ಯಾಂಪಲ್ ಹೊಲಿದವಳು ದೊಡ್ಡಕ್ಕನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಒಂಬತ್ತು ವರ್ಷದ ಹಿಂದೆ ಕೈ ಹಿಡಿದು ಕಾರ್ಖಾನೆಗೆ ಕರೆತಂದವಳೂ, ಸೂಜಿ ಹಿಡಿಯುವುದು ಹೀಗೆ ಎಂದು ತೋರಿಸಿದವಳೂ ದೊಡ್ಡಕ್ಕನೇ. ಕಲಿತವಳು ಕಲಿಸಿದವಳನ್ನು ಮೀರಿಸಿ ಸ್ಯಾಂಪಲ್ ರೂಮು ಸೇರಿಕೊಂಡಳು. ಖರೀದಿದಾರರಿಗೆ ಕಳಿಸುವ ಮೊದಲ ಮೊಲ, ಮೊದಲ ಕರಡಿ, ಮೊದಲ ಆನೆ ಎಲ್ಲ ಅವಳ ಕೈಯದ್ದೇ. ಸುಮಾರು ಒಂದೂವರೆ ತಿಂಗಳ ಹಿಂದೆ, ಕೊರಿಯರಿನವನು ಬಾಗಿಲಲ್ಲಿ ಕಾಯುತ್ತಿದ್ದಾಗ, ದೊಡ್ಡಕ್ಕ ಸ್ಯಾಂಪಲ್ ರೂಮಿಗೆ ಬಂದು, ಆಗತಾನೇ ಮುಗಿದ ಮೊಲವನ್ನು ಎತ್ತಿಕೊಂಡು ಲೈನಿಗೆ ತಂದು, ಬಾಯಿ ಸೊಟ್ಟ ಇದೆ ಎಂದು ಎಲ್ಲರ ಮುಂದೆ ಕತ್ತರಿಸಿ ಕಿತ್ತುಬಿಟ್ಟಿದ್ದಳು. ಓರಗಿತ್ತಿ ಒಂದು ಮಾತೂ ಆಡದೆ ಮತ್ತೆ ಐದು ಹೊಲಿಗೆ ಹಾಕಿ, ದಾರ ಹಲ್ಲಿನಲ್ಲಿ ಕಡಿದು, ಮೊಲವನ್ನು ಡಬ್ಬಿಗೆ ಹಾಕಿದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಆ ಮಾತನ್ನು ಯಾರಾದರೂ ಎತ್ತಿದರೆ ದೊಡ್ಡಕ್ಕ ಎಲ್ಲಿಂದಲೋ ಕರೆ ಬಂದಂತೆ ಎದ್ದು ಹೋಗುತ್ತಿದ್ದಳು.

ಮನೆ ಒಂದೇ. ಕೆಳಗೆ ದೊಡ್ಡಕ್ಕನ ಸಂಸಾರ, ಮೇಲೆ ಓರಗಿತ್ತಿಯದು, ನಡುವೆ ಹೊರಗಿನಿಂದ ಹತ್ತುವ ಹದಿನಾಲ್ಕು ಮೆಟ್ಟಿಲು. ಮಾತು ಬಿಟ್ಟಂದಿನಿಂದ ಅತ್ತೆ ಟಪಾಲಿನವರ ಕೆಲಸ ಹಿಡಿದಿದ್ದರು. ಮೋಟರ್ ಹಾಕು ಅನ್ನಬೇಕಾದರೂ ಅತ್ತೆ ಹತ್ತಬೇಕು, ಹಾಕಿದ್ದೀನಿ ಅನ್ನಬೇಕಾದರೂ ಅತ್ತೆ ಇಳಿಯಬೇಕು. ಅಂದು ಸಂಜೆ ದೊಡ್ಡಕ್ಕ ಚೀಲ ಇಟ್ಟು, ಕೈಕಾಲು ತೊಳೆದು, ಮೆಟ್ಟಿಲ ಕಡೆ ಹೊರಟಾಗ ಅತ್ತೆ ಕುರ್ಚಿಯಿಂದಲೇ ಕಣ್ಣರಳಿಸಿದರು.

"ಏನು ಹೇಳ್ಬೇಕು? ನಾನು ಹೇಳಿ ಬರ್ತೀನಿ."

"ನೀವು ಕೂತ್ಕೊಳ್ಳಿ ಅತ್ತೆ. ಇದು ನಾನೇ ಹೇಳ್ಬೇಕಾದ್ದು."

"ಅಬ್ಬಾ, ಅಂತೂ! ನಿಮ್ಮಿಬ್ಬರಿಗೂ ಹಿಡಿದ ಮೊಲಕ್ಕೆ ಮೂರೇ ಕಾಲು. ಮಧ್ಯದಲ್ಲಿ ಸವೆದಿದ್ದು ನನ್ನ ಮೊಣಕಾಲು," ಎಂದು ಅತ್ತೆ ಕಾಲು ನೀವಿಕೊಂಡರು.

ಓರಗಿತ್ತಿ ನೆಲದ ಮೇಲೆ ಕೂತು ಯಾರದೋ ದಿಂಬಿನ ಚೀಲಕ್ಕೆ ಅಂಚು ಮಡಿಸುತ್ತಿದ್ದಳು. ಸ್ಯಾಂಪಲ್ ರೂಮಿನ ಕೈಗೆ ಈಗ ದಿಂಬಿನ ಚೀಲ. ತಲೆಯೆತ್ತಿ ನೋಡಿ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. ದೊಡ್ಡಕ್ಕ ಕೂರಲಿಲ್ಲ.

"ಮೊಲದ ಬಾಯಿ ಬರ್ತಿಲ್ಲ," ಎಂದಳು.

"ಯಾರಿಗೆ?"

"ಯಾರಿಗೂ."

"ಸೊಟ್ಟ ಬಾಯಿ ಅಲ್ವಾ ಅದು? ಸೊಟ್ಟ ಹೊಲಿಯೋಕೆ ನಾನೇ ಬೇಕಾಯ್ತಾ?"

ದೊಡ್ಡಕ್ಕನಿಗೆ ಮೈ ಉರಿಯಿತು. ಉರಿದದ್ದು ಮಾತು ತಪ್ಪಾಗಿದ್ದಕ್ಕಲ್ಲ, ಸರಿಯಾಗಿದ್ದಕ್ಕೆ. "ಮೂವತ್ತೆರಡು ಜನರ ಅನ್ನ ಕಣೇ ಇದು."

"ಆ ಮೂವತ್ತೆರಡು ಜನರ ಮುಂದೇನೇ ಕಿತ್ತಿದ್ರಿ ನೀವು," ಎಂದಳು ಓರಗಿತ್ತಿ. ದನಿ ಏರಲಿಲ್ಲ. ಏರಿದ್ದರೆ ದೊಡ್ಡಕ್ಕ ತಾನೂ ಏರಿಸಿ ಹಗುರಾಗುತ್ತಿದ್ದಳು. ಇವಳು ಸೂಜಿಯ ಕಣ್ಣಿಗೆ ದಾರ ಪೋಣಿಸಿ, ಗಂಟು ಹಾಕಿ, ಆಮೇಲೆ ಹೇಳಿದಳು. "ನಾಳೆ ಬರ್ತೀನಿ. ಅವರಿಗೋಸ್ಕರ ಬರೋದು. ನಿಮಗೋಸ್ಕರ ಅಲ್ಲ."

ಮರುದಿನ ಬೆಳಿಗ್ಗೆ ಒಂದೇ ಮನೆಯಿಂದ ಹೊರಟು ಒಂದೇ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಇಪ್ಪತ್ತು ಹೆಜ್ಜೆ ಅಂತರದಲ್ಲಿ ನಡೆದು ಇಬ್ಬರೂ ಕಾರ್ಖಾನೆ ಸೇರಿದರು. ಹೆಂಗಸರು ಎದ್ದು ನಿಂತರು. ಉದ್ದನೆಯವಳು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟಳು. ಓರಗಿತ್ತಿ ಬಾಯಿಲ್ಲದ ಒಂದು ಮೊಲ ತೆಗೆದುಕೊಂಡು ಐದು ಹೊಲಿಗೆ ಹಾಕಿದಳು. ಎಲ್ಲರೂ ಬಗ್ಗಿ ನೋಡಿದರು.

ನೇರ. ಗೆರೆ ಕೊರೆದಂತೆ ನೇರ.

ಇನ್ನೊಂದು ಹೊಲಿದಳು, ಅದೂ ನೇರ. ಮತ್ತೆ ಮೂರು ಹೊಲಿದಳು, ಮೂರೂ ನೇರ. ಮ್ಯಾನೇಜರು ಹಣೆಗೆ ಕೈ ಹಚ್ಚಿ ಅಲ್ಲೇ ಡಬ್ಬಿಯೊಂದರ ಮೇಲೆ ಕೂತರು.

"ಏನಮ್ಮ, ನಿಮಗೂ ಬರಲ್ವಾ? ಹೊಲಿದಿದ್ದು ನೀವೇ ತಾನೇ?"

"ನಾನೇ ಸಾರ್. ನನಗೆ ಸೊಟ್ಟ ಹೊಲಿದು ಅಭ್ಯಾಸ ಇಲ್ಲ," ಎಂದಳು ಓರಗಿತ್ತಿ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು.

"ಅವತ್ತು ಸಿಟ್ಟಲ್ಲಿದ್ರಿ ಅಕ್ಕ ನೀವು," ಎಂದು ಉದ್ದನೆಯವಳು ನಡುವೆ ಬಾಯಿ ಹಾಕಿದಳು. "ಸಿಟ್ಟು ಮಾಡ್ಕೊಂಡು ಹೊಲೀರಿ. ಬೇಕಿದ್ರೆ ನಾವು ಬರಿಸ್ತೀವಿ." ಹೇಳಿದ್ದೇ ತಡ, ಹೆಂಗಸರು ಓರಗಿತ್ತಿಯ ಅಡಿಗೆಯಿಂದ ಹಿಡಿದು ಗಂಡನ ಗೊರಕೆಯವರೆಗೆ ಎಲ್ಲವನ್ನೂ ಹಳಿದು ನೋಡಿದರು. ಓರಗಿತ್ತಿ ನಕ್ಕುಬಿಟ್ಟಳು. ನಗುತ್ತ ಹೊಲಿದ ಬಾಯಿಯೂ ನೇರವಾಗಿಯೇ ಬಂತು. ದೊಡ್ಡಕ್ಕ ಗೋಡೆಗೆ ಒರಗಿ, ದೇವರೇ ಈ ಹಾಳು ಮೊಲ ಯಾವ ಗಳಿಗೆಯಲ್ಲಿ ಹುಟ್ಟಿತೋ ಎಂದು ಶಪಿಸುತ್ತಿದ್ದಳು.

ನಗು ಅಡಗಿದ ಮೇಲೆ ಓರಗಿತ್ತಿ ಮೊಹರಿನ ಮೊಲವನ್ನು ಕೇಳಿ ಪಡೆದಳು. ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯ ಮೊನೆಯಿಂದ ಬಾಯಿಯ ಸುತ್ತಲಿನ ಬೂದು ರೋಮವನ್ನು ಮೆಲ್ಲಗೆ ಬಿಡಿಸುತ್ತ ಹೋದಳು. ಅವಳ ಕೈ ನಿಂತಿತು.

"ಇಲ್ಲಿ ತೂತಿದೆ," ಎಂದಳು.

ಕಂದು ದಾರದ ಸ್ವಲ್ಪ ಮೇಲೆ, ರೋಮದ ಬುಡದಲ್ಲಿ, ಸೂಜಿ ಚುಚ್ಚಿದ ಗುರುತುಗಳು ಸಾಲಾಗಿದ್ದವು. ಬಟ್ಟೆ ಅಲ್ಲಿ ಜಗ್ಗಿ ಸುಕ್ಕು ಹಿಡಿದಿತ್ತು. ಆ ಸುಕ್ಕು ಎರಡನೆಯ ಸಲ ಹೊಲಿದ ಬಾಯಿಯ ಎಡತುದಿಯನ್ನು ಕೆಳಕ್ಕೆ ತಳ್ಳಿತ್ತು. ಹೊಲಿಗೆ ಬಿಚ್ಚುವುದು ಕಾರ್ಖಾನೆಯಲ್ಲಿ ದಿನಕ್ಕೆ ನೂರು ಸಲ ನಡೆಯುವ ಕೆಲಸ. ಒಂದೊಂದೇ ಹೊಲಿಗೆ ಕತ್ತರಿಸಿ, ದಾರ ತೆಗೆದು, ಬಟ್ಟೆಗೆ ಹಬೆ ಹಿಡಿದು, ತೂತು ಮುಚ್ಚಿದ ಮೇಲೆ ಮತ್ತೆ ಹೊಲಿಯುತ್ತಾರೆ. ಆಗ ಗುರುತೇ ಉಳಿಯುವುದಿಲ್ಲ. ಅವತ್ತು ಕೊರಿಯರಿನವನು ಬಾಗಿಲಲ್ಲಿದ್ದ. ಹಬೆ ಹಿಡಿಯುವಷ್ಟು ಹೊತ್ತಿರಲಿಲ್ಲ. ಬಿಚ್ಚಿದವಳೂ ಒಂದೊಂದಾಗಿ ಬಿಚ್ಚಿರಲಿಲ್ಲ.

"ಅಂದ್ರೆ ಮೊದಲು ಒಂದು ಬಾಯಿ ಹೊಲಿದು, ಕಿತ್ತು, ಅದರ ಮೇಲೆ ಇನ್ನೊಂದು ಹೊಲೀಬೇಕು!" ಮ್ಯಾನೇಜರು ಡಬ್ಬಿಯಿಂದ ಜಿಗಿದೆದ್ದರು. "ಅಷ್ಟೇ ತಾನೇ? ಮಾಡಿ, ಮಾಡಿ. ಮೊದಲ್ನೇದು ಸೊಟ್ಟ ಇತ್ತು ಅಂತ ಅಲ್ವಾ ದೊಡ್ಡಕ್ಕ ನೀವು ಕಿತ್ತಿದ್ದು? ಮೊದಲು ಸೊಟ್ಟ ಹೊಲೀರಿ. ಆಮೇಲೆ ಕೀಳಿ."

ಉದ್ದನೆಯವಳು ಸೊಟ್ಟ ಹೊಲಿದಳು. ಕಿತ್ತು, ಅದರ ಮೇಲೆ ಮತ್ತೆ ಹೊಲಿದಾಗ ಮೊಲದ ಎರಡು ಕೆನ್ನೆಯೂ ಊದಿಕೊಂಡವು. ಬೇರೆ ಕಡೆಗೆ ಸೊಟ್ಟ ಮಾಡಿ ನೋಡಿದರು. ಮೂತಿಯೇ ತಿರುಗಿತು. ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಬುಟ್ಟಿ ತುಂಬಿ ಮೊಲಗಳು ನೆಲಕ್ಕೆ ಬಿದ್ದವು.

"ಎಷ್ಟು ಸೊಟ್ಟ ಇತ್ತು ದೊಡ್ಡಕ್ಕ? ಕೈಯಲ್ಲಿ ಹಿಡಿದು ನೋಡಿ ಸೊಟ್ಟ ಅಂದಿದ್ದು ನೀವೊಬ್ಬರೇ. ಹೇಳಿ ಮಾರಾಯ್ರೆ," ಮ್ಯಾನೇಜರು ಬೇಡುವ ದನಿಯಲ್ಲಿ ಕೂಗಿದರು. "ಎಡಕ್ಕಾ, ಬಲಕ್ಕಾ? ಮೇಲಾ, ಕೆಳಗಾ?"

ದೊಡ್ಡಕ್ಕ ಓರಗಿತ್ತಿಯನ್ನು ನೋಡಿದಳು. ತೂತುಗಳ ಸಾಲು ಹೇಗಿದೆ ಎಂದು ಓರಗಿತ್ತಿಗೆ ಕಾಣದೆ ಇರಲು ಸಾಧ್ಯವಿರಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳು ಹೇಳಲಿಲ್ಲ. ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಕೊಂಡು, ಕೈಕಟ್ಟಿ, ನೆಲ ನೋಡುತ್ತ ಕೂತಿದ್ದಳು. ಸುಮ್ಮನಿದ್ದೇ ಕೊಲ್ಲುತ್ತಾಳೆ ಇವಳು ಎಂದುಕೊಂಡಳು ದೊಡ್ಡಕ್ಕ. ನೆನಪಿಲ್ಲ ಅನ್ನಬಹುದಿತ್ತು. ಹಾಗಂದರೆ ನಾಳೆ ಸ್ಕೇಲು ಬರುತ್ತಾನೆ, ಲೈನು ಮುಚ್ಚುತ್ತದೆ, ತನ್ನ ಮಾನ ಉಳಿಯುತ್ತದೆ. ಇಪ್ಪತ್ತಾರು ವರ್ಷ ಕಷ್ಟಪಟ್ಟು ಗಳಿಸಿದ ಮಾನ. ಮೂವತ್ತೆರಡು ಮುಖಗಳು ಆಕೆಯ ಕಡೆಗೇ ನೋಡುತ್ತಿದ್ದವು.

"ನೇರ ಇತ್ತು," ಎಂದಳು.

"ಏನು?"

"ನೇರ ಇತ್ತು ಸಾರ್. ಒಂದು ಕೂದಲೆಳೆಯಷ್ಟೂ ಆಚೀಚೆ ಇರ್ಲಿಲ್ಲ." ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. "ಅವತ್ತು ಬೆಳಿಗ್ಗೆ ನೀವು ಸ್ಯಾಂಪಲ್ ರೂಮಿನ ಜವಾಬ್ದಾರಿ ಇವಳಿಗೇ ಕೊಡೋಣ ಅಂದಿದ್ರಿ. ಆ ಜಾಗ ನಂಗೆ ಬರುತ್ತೆ ಅಂತ ನಾನು ಏಳು ವರ್ಷದಿಂದ ಕಾದಿದ್ದೆ. ನಾನೇ ಸೂಜಿ ಹಿಡಿಸಿದೋಳು ನನ್ನ ಮೇಲೆ ಹೋಗ್ತಾಳಲ್ಲ ಅಂತ ಹೊಟ್ಟೆ ಉರೀತು. ಬಾಯಿ ನೋಡಿದೆ, ತಪ್ಪು ಹುಡುಕಿದೆ, ಸಿಗ್ಲಿಲ್ಲ. ಸಿಗ್ಲಿಲ್ಲ ಅಂತಾನೇ ಇನ್ನೂ ಸಿಟ್ಟು ಬಂತು. ಕಿತ್ತೆ."

ಉದ್ದನೆಯವಳು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಮ್ಯಾನೇಜರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಇಷ್ಟು ದಿನ ಒಳಗಿಟ್ಟುಕೊಂಡು ಬೆಂದದ್ದಕ್ಕಿಂತ ಈ ಅರ್ಧ ನಿಮಿಷ ಹೆಚ್ಚೇನೂ ಉರಿಯಲಿಲ್ಲ ಎಂದು ದೊಡ್ಡಕ್ಕನಿಗೇ ಆಶ್ಚರ್ಯವಾಯಿತು.

ಓರಗಿತ್ತಿ ತೋಳಿನಿಂದ ಸೂಜಿ ತೆಗೆದು, ಬಾಯಿಲ್ಲದ ಹೊಸ ಮೊಲವೊಂದನ್ನು ಎತ್ತಿಕೊಂಡು, ಐದು ಹೊಲಿಗೆ ಹಾಕಿದಳು. ಅದನ್ನು ಮೇಜಿನ ಮೇಲೆ ದೊಡ್ಡಕ್ಕನ ಕಡೆಗೆ ಸರಿಸಿದಳು.

"ಅವತ್ತು ಹೇಗೆ ಕಿತ್ತಿದ್ರೋ ಹಾಗೇ ಕೀಳಿ."

ದೊಡ್ಡಕ್ಕ ನಡುವಿನ ಹೊಲಿಗೆಗೆ ಕತ್ತರಿ ಹಾಕಿದಳು. ಎಡಗಡೆಯ ದಾರ ಬೆರಳಿಗೆ ಸುತ್ತಿ ಒಂದೇ ಏಟಿಗೆ ಎಳೆದಳು. ಬಟ್ಟೆ ಕಿರ್ರೆಂದಿತು. ಓರಗಿತ್ತಿ ಮೊಲವನ್ನು ಹಿಂದಕ್ಕೆ ತೆಗೆದುಕೊಂಡು, ಹಬೆ ಹಿಡಿಯದೆ, ಒರೆಸದೆ, ಮತ್ತೆ ಐದು ಹೊಲಿಗೆ ಹಾಕಿ ದಾರ ಕಡಿದಳು. ಎಡತುದಿ ಒಂದು ಚೂರು ಕೆಳಗಿಳಿಯಿತು. ಕೆನ್ನೆ ಒಂದು ಚೂರು ಸುಕ್ಕಾಯಿತು. ಮೊಹರಿನ ಮೊಲದ ಪಕ್ಕದಲ್ಲಿ ಕೂರಿಸಿದಾಗ ಯಾವುದು ಯಾವುದೆಂದು ತಿಳಿಯಲು ಕಿವಿಯ ತಂತಿ ನೋಡಬೇಕಾಯಿತು.

ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಉದ್ದನೆಯವಳು ತಾನೂ ಒಂದನ್ನು ಹೊಲಿದು ತಾನೇ ಕಿತ್ತು ನೋಡಿದಳು, ಬರಲಿಲ್ಲ. ಇನ್ನಿಬ್ಬರು ಪ್ರಯತ್ನಿಸಿದರು. ಚೆನ್ನಾಗಿ ಹೊಲಿದದ್ದನ್ನು ಹಾಗೆ ಕೀಳಲು ಅವರ ಕೈ ಒಪ್ಪಲಿಲ್ಲ. ಎಳೆಯುವಾಗ ಎಲ್ಲಿ ಬಟ್ಟೆ ಹರಿಯುತ್ತದೋ ಎಂದು ಬೆರಳು ಹಿಂಜರಿಯುತ್ತಿತ್ತು. "ಇದು ದೊಡ್ಡಕ್ಕನ ಕೈಗೇ ಸರಿ," ಎಂದು ಉದ್ದನೆಯವಳು ತೀರ್ಪು ಕೊಟ್ಟಳು. ಅದರಲ್ಲಿ ಕುಹಕ ಎಷ್ಟಿತ್ತು, ಹೊಗಳಿಕೆ ಎಷ್ಟಿತ್ತು ಎಂದು ಕೇಳುವ ಹಕ್ಕು ಈಗ ದೊಡ್ಡಕ್ಕನಿಗೆ ಇರಲಿಲ್ಲ.

ಸ್ಕೇಲು ಹೇಳಿದ ದಿನ ಹೇಳಿದ ಹೊತ್ತಿಗೆ ಬಂದ. ಇಪ್ಪತ್ತು ಮೂತಿಗೂ ಸ್ಕೇಲು ಹಿಡಿದು, ಟಾರ್ಚು ಬಿಟ್ಟು, ಇಪ್ಪತ್ತನೆಯದನ್ನು ಕೈಯಲ್ಲೇ ಹಿಡಿದು ನಿಂತ. "ಹೇಗೆ ಮಾಡಿದ್ರಮ್ಮ?" ಎಂದು ಕೇಳಿದ.

"ಸರಿಯಾಗಿ ಹೊಲಿದು, ಕಿತ್ತು, ಮತ್ತೆ ಹೊಲಿದ್ವಿ," ಎಂದರು ಮ್ಯಾನೇಜರು.

"ಹದಿನೆಂಟು ಸಾವಿರಾನೂ ಹೀಗೇನಾ?"

"ಸ್ಯಾಂಪಲ್ ಥರಾನೇ ಬೇಕು ಅಂದಿದ್ದು ಯಾರು?" ಎಂದು ಮ್ಯಾನೇಜರು ಅವನ ಮೇಲೇ ಹರಿಹಾಯ್ದರು. ಸ್ಕೇಲು ಸಹಿ ಹಾಕಿದ.

ಸ್ಯಾಂಪಲ್ ರೂಮಿನ ಬೀಗದ ಕೈ ಓರಗಿತ್ತಿಯ ಕೈ ಸೇರಿತು. ಈ ಆರ್ಡರ್ ಮುಗಿಯುವವರೆಗೆ ಮಾತ್ರ ಅವಳು ಲೈನಿನಲ್ಲೇ ಕೂರಬೇಕಿತ್ತು. ಕಿಟಕಿಯ ಪಕ್ಕದ ಉದ್ದ ಮೇಜಿಗೆ ಎರಡು ಸ್ಟೂಲು ಹಾಕಿದರು. ಮೂವತ್ತೆರಡು ಜನರ ಕೈಯಿಂದ ನೇರ ಬಾಯಿಯ ಮೊಲಗಳು ಬುಟ್ಟಿ ಬುಟ್ಟಿಯಾಗಿ ಅಲ್ಲಿಗೆ ಬರತೊಡಗಿದವು. ಬಂದದ್ದನ್ನು ಮೊದಲು ಓರಗಿತ್ತಿ ನೋಡಬೇಕು. ಮೊದಲ ಬಾಯಿ ನೇರವಿಲ್ಲದಿದ್ದರೆ ಎರಡನೆಯದು ಕೂರುವುದಿಲ್ಲ. ನೋಡಿ ಒಪ್ಪಿದ ಮೇಲೆ ದೊಡ್ಡಕ್ಕನಿಗೆ ದಾಟಿಸಬೇಕು. ಆಕೆ ಕಿತ್ತದ್ದಕ್ಕೆ ಎರಡನೆಯ ಬಾಯಿ ಹೊಲಿಯುವುದು ಮತ್ತೆ ಲೈನಿನವರ ಕೆಲಸ.

ಮೊದಲ ಮೊಲವನ್ನು ಅವಳು ದಾಟಿಸಲಿಲ್ಲ. ದೊಡ್ಡಕ್ಕನ ಕಣ್ಣ ಮುಂದೆ ಹಿಡಿದಳು.

"ಹೇಗಿದೆ?"

ದೊಡ್ಡಕ್ಕ ಅವಳ ಮುಖ ನೋಡಿದಳು. ತಮಾಷೆಯೋ ಸಿಟ್ಟೋ ಅಲ್ಲಿ ಏನೂ ಗೊತ್ತಾಗಲಿಲ್ಲ. ಮೊಲವನ್ನು ನೋಡಿದಳು. ಐದು ಹೊಲಿಗೆ, ಒಂದರ ಪಕ್ಕ ಒಂದು, ಒಂದೇ ಅಳತೆ.

"ಚೆನ್ನಾಗಿದೆ," ಎಂದಳು.

"ಕೀಳಿ."

ಕಿತ್ತಳು. ಓರಗಿತ್ತಿ ಬುಟ್ಟಿಯಿಂದ ಎರಡನೆಯದನ್ನು ತೆಗೆದು ಹಾಗೆಯೇ ಎದುರಿಗೆ ಹಿಡಿದು, ಕಾದಳು.

"ಚೆನ್ನಾಗಿದೆ," ಎಂದಳು ದೊಡ್ಡಕ್ಕ, ಮತ್ತೆ ಕತ್ತರಿ ಎತ್ತಿಕೊಂಡಳು.